ಗುಂಟೆಯ ಲೆಕ್ಕವೂ ಗಣಕಯಂತ್ರದ ಲೆಕ್ಕವೂ

ಮಂಡ್ಯ ತಾಲ್ಲೂಕಿನ ಕೆರಗೋಡು ಹೋಬಳಿಯಲ್ಲಿ ಒಬ್ಬ ರೈತನಿಗೆ ಎರಡು ಎಕರೆ ಇಪ್ಪತ್ತು ಗುಂಟೆ ಗದ್ದೆಯಿದೆಯೆಂದು ಭಾವಿಸೋಣ. ಅವನ ಕಾಗದಪತ್ರಗಳಲ್ಲಿ ಅದನ್ನು ೨.೨೦ ಎಂದು ಬರೆಯುವುದು ವಾಡಿಕೆ. ಎಕರೆಗೂ ಗುಂಟೆಗೂ ನಡುವೆ ಒಂದು ಚುಕ್ಕೆ, ಅಷ್ಟೆ. ರೈತನು ಇದನ್ನು ನೋಡಿ "ಎರಡೂವರೆ ಎಕರೆ" ಎನ್ನುವನು. ಅವನ ಮಾತು ಹದಿನಾರಾಣೆ ನಿಜ. ನಲವತ್ತು ಗುಂಟೆಗೆ ಒಂದು ಎಕರೆಯಾದುದರಿಂದ ಇಪ್ಪತ್ತು ಗುಂಟೆಯೆಂದರೆ ಅರ್ಧ ಎಕರೆ. ಅದೇ ಕಾಗದವನ್ನು ಪಟ್ಟಣದ ಕಛೇರಿಯೊಂದರಲ್ಲಿ ಒಬ್ಬ ಗುಮಾಸ್ತನು ಗಣಕಯಂತ್ರದ ಲೆಕ್ಕದ ಹಾಳೆಗೆ ಏರಿಸಿದನೆನ್ನಿ. ಯಂತ್ರಕ್ಕೆ ಚುಕ್ಕೆಯೆಂದರೆ ದಶಾಂಶ. ಎರಡು ಎಕರೆಯ ಮೇಲೆ ಎಕರೆಯ ಹತ್ತರಲ್ಲಿ ಎರಡು ಪಾಲು ಎಂದು ಅದು ಗ್ರಹಿಸುವುದು. ಗುಂಟೆಯಲ್ಲಿ ಹೇಳುವುದಾದರೆ ೮೮. ಅಷ್ಟಕ್ಕೇ ಮುಗಿಯಲಿಲ್ಲ. ಚುಕ್ಕೆಯ ಬಲಗಡೆ ಕೊನೆಗೆ ಬರುವ ಸೊನ್ನೆಗೆ ಬೆಲೆಯಿಲ್ಲವೆಂದು ಯಂತ್ರವು ಅದನ್ನು ಕಿತ್ತು ೨.೨ ಎಂದು ತೋರಿಸುವುದು. ಈ ಹಾಳೆಯನ್ನು ಮತ್ತೊಬ್ಬನು ನೋಡಿ, ಜಮೀನಿನ ಲೆಕ್ಕವಾದುದರಿಂದ ಎರಡು ಎಕರೆ ಎರಡು ಗುಂಟೆ ಇರಬೇಕೆಂದು ಬರೆದುಕೊಂಡರೆ ಅದು ೮೨ ಗುಂಟೆ. ಹೊಲದಲ್ಲಿ ನೂರು ಗುಂಟೆ ನೆಲ ಇದ್ದಂತೆಯೇ ಇದೆ. ಕಾಗದದ ಮೇಲೆ ಹದಿನೆಂಟು ಗುಂಟೆ ಕರಗಿಹೋಯಿತು.

ಈ ಮೂವರಲ್ಲಿ ವಂಚಕರು ಯಾರೂ ಇಲ್ಲ. ಓದು ಬರಹವಿಲ್ಲದವರೂ ಇಲ್ಲ. ಮೊದಲನೆಯವನು ನಲವತ್ತರ ಮಾನದಲ್ಲಿ ಓದಿದನು. ಯಂತ್ರವು ಹತ್ತರ ಮಾನದಲ್ಲಿ ಓದಿತು, ಹತ್ತರ ಮಾನದಲ್ಲಿಯೇ ಬರೆಯಿತು. ಮೂರನೆಯವನು ಯಂತ್ರದ ಬರಹವನ್ನು ಮತ್ತೆ ನಲವತ್ತರ ಮಾನದಲ್ಲಿ ಓದಿದನು. ಅಂಕೆಗಳನ್ನು ಕಂಡ ಮಾತ್ರಕ್ಕೆ ಸಂಖ್ಯೆಯು ತಿಳಿಯುವುದಿಲ್ಲವೆಂಬುದೂ, ಒಂದು ಮನೆಯಲ್ಲಿ ಎಷ್ಟು ತುಂಬಿದ ಮೇಲೆ ಮುಂದಿನ ಮನೆಗೆ ಒಂದು ಏರಬೇಕೆಂಬ ಕಟ್ಟಳೆ ಜತೆಗೆ ತಿಳಿದಿರಬೇಕೆಂಬುದೂ ಗಣಿತದ ಮೊದಲ ಪಾಠ. ಆ ಪಾಠವನ್ನು ನಾವು ಹತ್ತರ ಮಾನಕ್ಕೆ ಒಗ್ಗಿಕೊಂಡು ಮರೆತಿದ್ದೇವೆ. ಗಣಕಯಂತ್ರಕ್ಕೆ ಪ್ರೋಗ್ರಾಮು ಬರೆಯುವ ನಮ್ಮ ತರುಣರು ಅದನ್ನೇ ಹೊಸ ವಿದ್ಯೆಯೆಂಬಂತೆ ಕಲಿಯುತ್ತಿದ್ದಾರೆ. ಈ ಎರಡೂ ತುದಿಗಳನ್ನು ಒಂದೆಡೆ ತಂದು ನೋಡಬೇಕೆಂಬುದೇ ಪ್ರಕೃತ ಲೇಖನದ ಉದ್ದೇಶ.

ಮಂಡ್ಯದ ಸೀಮೆಯಲ್ಲಿ ಗುಂಟೆಯೆಂಬುದು ಅಲ್ಪವಸ್ತುವಲ್ಲವೆಂದು ವಾಚಕರಿಗೆ ಬೇರೆ ಹೇಳಬೇಕಾಗಿಲ್ಲ. ಕೃಷ್ಣರಾಜಸಾಗರದಿಂದ ಹೊರಟು, ಮೊದಲು ಇರ್ವಿನ್ ನಾಲೆಯೆಂದೂ ಅನಂತರ ವಿಶ್ವೇಶ್ವರಯ್ಯ ನಾಲೆಯೆಂದೂ ಹೆಸರು ಪಡೆದ ಕಾಲುವೆಯ ನೀರು ಬಂದ ಮೇಲೆ, ೧೯೩೩ರಲ್ಲಿ ಮೈಸೂರು ಸಕ್ಕರೆ ಕಂಪೆನಿ ಮಂಡ್ಯದಲ್ಲಿ ನೆಲೆಗೊಂಡ ಮೇಲೆ, ರಾಗಿ ಬೆಳೆಯುತ್ತಿದ್ದ ಎಷ್ಟೋ ಹೊಲಗಳು ಕಬ್ಬು ಭತ್ತಗಳ ಗದ್ದೆಗಳಾದುವು. ಮುತ್ತಜ್ಜನ ಕಾಲದ ಹಿಡುವಳಿ ಮಕ್ಕಳಿಗೂ ಮೊಮ್ಮಕ್ಕಳಿಗೂ ಹಿಸ್ಸೆಯಾಗುತ್ತ ಬಂದು ಈಗ ಎಕರೆಯ ಮಾತು ಕಡಮೆಯಾಗಿ ಗುಂಟೆಯ ಮಾತು ಹೆಚ್ಚಾಗಿದೆ. ಅಣ್ಣತಮ್ಮಂದಿರ ನಡುವೆ ವ್ಯಾಜ್ಯ ಹುಟ್ಟುವುದು ಗುಂಟೆಗಾಗಿ. ಬದುವಿನ ಕಲ್ಲು ಸರಿಯುವುದು ಆಣೆಗಾಗಿ.

ಈ ನಲವತ್ತು ಎಲ್ಲಿಂದ ಬಂದಿತು? ಇಂಗ್ಲೆಂಡಿನ ಎಡ್ಮಂಡ್ ಗುಂಟರ್ ಎಂಬ ಗಣಿತಜ್ಞನು ೧೬೨೦ರ ಸುಮಾರಿನಲ್ಲಿ ಅರುವತ್ತಾರು ಅಡಿಯ ಮೋಜಣಿ ಸರಪಳಿಯೊಂದನ್ನು ಬಳಕೆಗೆ ತಂದನು. ಅಂತಹ ಹತ್ತು ಚದರ ಸರಪಳಿಗೆ ಒಂದು ಎಕರೆ. ನಮ್ಮ ಸೀಮೆಯ ರೆವೆನ್ಯೂ ಮೋಜಣಿಯಲ್ಲಿ ಬಳಕೆಯಾದುದು ಅದರ ಅರ್ಧ, ಅಂದರೆ ಮೂವತ್ತಮೂರು ಅಡಿಯ ಸರಪಳಿ. ಉದ್ದ ಅರ್ಧವಾದರೆ ಚದರ ಕಾಲುಭಾಗವಾಗುವುದು. ಹತ್ತರ ಬದಲು ನಲವತ್ತು ಬಂದಿತು. ಮೂವತ್ತಮೂರು ಅಡಿ ಉದ್ದ, ಮೂವತ್ತಮೂರು ಅಡಿ ಅಗಲದ ಆ ಚೌಕವೇ ಗುಂಟೆ: ೧೦೮೯ ಚದರಡಿ, ಅಥವಾ ೧೨೧ ಚದರ ಗಜ. ಎಕರೆಗೆ ೪೩,೫೬೦ ಚದರಡಿ. ಗುಂಟೆಯನ್ನು ಮತ್ತೆ ಹದಿನಾರು ಪಾಲು ಮಾಡಿದರೆ ಒಂದೊಂದು ಪಾಲಿಗೂ ಆಣೆಯೆಂದು ಹೆಸರು. ರೂಪಾಯಿಗೆ ಹದಿನಾರು ಆಣೆಯಿದ್ದ ಕಾಲದಲ್ಲಿ ಯಾವ ವಸ್ತುವನ್ನು ಹದಿನಾರು ಭಾಗ ಮಾಡಿದರೂ ಭಾಗಕ್ಕೆ ಆಣೆಯೆಂದೇ ಕರೆಯುವುದು ಜನರಿಗೆ ಸಹಜವಾಗಿತ್ತು. ನಾಣ್ಯದ ಆಣೆ ಅಳಿಯಿತು. ನೆಲದ ಆಣೆ ಪಹಣಿಯಲ್ಲಿ ಇಂದಿಗೂ ಬದುಕಿದೆ. ಹೀಗೆ ಜಮೀನಿನ ವಿಸ್ತೀರ್ಣದಲ್ಲಿ ಮೂರು ಮನೆಗಳಿವೆ. ಆಣೆಯ ಮನೆ ಹದಿನಾರಕ್ಕೆ ತುಂಬುವುದು. ಗುಂಟೆಯ ಮನೆ ನಲವತ್ತಕ್ಕೆ ತುಂಬುವುದು. ಎಕರೆಯ ಮನೆಗೆ ಮೇರೆಯಿಲ್ಲ. ಪ್ರತಿಯೊಂದು ಮನೆಯ ಒಳಗೂ ನಾವು ಬರೆಯುವ ಅಂಕೆಗಳು ಮಾತ್ರ ಹತ್ತರ ಮಾನದವು. ಒಂದು ಬರಹದಲ್ಲಿ ಮೂರು ಮಾನಗಳು ಬೆರೆತಿರುವ ಈ ಸೋಜಿಗವನ್ನು ನಿತ್ಯದ ಬಳಕೆಯಿಂದ ನಾವು ಗಮನಿಸುವುದೇ ಇಲ್ಲ.

ಹಳೆಯ ಕಾಲದವರು ಇಂತಹ ಬೆರಕೆ ಮಾನಗಳಲ್ಲಿ ನಮಗಿಂತ ಚತುರರಾಗಿದ್ದರು. ಅವರಿಗೆ ಬೇರೆ ದಾರಿಯೂ ಇರಲಿಲ್ಲ. ರೂಪಾಯಿಗೆ ಹದಿನಾರಾಣೆ, ಆಣೆಗೆ ನಾಲ್ಕು ಕಾಸು, ಕಾಸಿಗೆ ಮೂರು ಪೈ. ಒಟ್ಟು ನೂರ ತೊಂಬತ್ತೆರಡು ಪೈಗೆ ಒಂದು ರೂಪಾಯಿ. ಕಾಲು, ಅರೆ, ಮುಕ್ಕಾಲುಗಳ ಮಗ್ಗಿಯನ್ನು ಬಾಯಿಪಾಠ ಮಾಡಿದ ಅಂಗಡಿಯವನು ಈ ಮೂರು ಬಗೆಯ ಏರಿಳಿತವನ್ನು ಮನಸ್ಸಿನಲ್ಲಿಯೇ ಮಾಡಿ ಚಿಲ್ಲರೆ ಎಣಿಸುತ್ತಿದ್ದನು. ಹದಿನಾರನೆಯ ಒಂದು ಪಾಲಿಗೆ ವೀಸವೆಂದೂ ಅರುವತ್ತನಾಲ್ಕನೆಯ ಒಂದು ಪಾಲಿಗೆ ಕಾಣಿಯೆಂದೂ ಕನ್ನಡದಲ್ಲಿ ಅಚ್ಚುಕಟ್ಟಾದ ಹೆಸರುಗಳಿವೆ. ಹನ್ನೆರಡನೆಯ ಶತಮಾನದಲ್ಲಿಯೇ ರಾಜಾದಿತ್ಯನು ವ್ಯವಹಾರಗಣಿತವನ್ನು ಕನ್ನಡದಲ್ಲಿ ಬರೆದುದು ಇಂತಹ ಲೆಕ್ಕಗಳು ಜನರ ನಿತ್ಯದ ಅಗತ್ಯವಾಗಿದ್ದುದರಿಂದಲೇ.

ಮಾನವನ್ನು ಬದಲಾಯಿಸುವಾಗ ಏನಾಗುವುದೆಂಬುದಕ್ಕೆ ದೇಶವೆಲ್ಲ ಕಂಡ ಒಂದು ದೃಷ್ಟಾಂತವಿದೆ. ೧೯೫೫ರ ನಾಣ್ಯ ತಿದ್ದುಪಡಿ ಕಾಯಿದೆಯ ಮೇರೆಗೆ ೧೯೫೭ನೆಯ ಏಪ್ರಿಲ್ ೧ರಿಂದ ರೂಪಾಯಿಗೆ ನೂರು ನಯಾಪೈಸೆಯಾಯಿತು. ಹದಿನಾರರಿಂದ ನೂರನ್ನು ಭಾಗಿಸಿದರೆ ಆರೂಕಾಲು. ಕಾಲು ಪೈಸೆಯ ನಾಣ್ಯವಿಲ್ಲದುದರಿಂದ ಒಂದಾಣೆಗೆ ೬, ಎರಡಾಣೆಗೆ ೧೨, ಮೂರಾಣೆಗೆ ೧೯, ನಾಲ್ಕಾಣೆಗೆ ೨೫ ಎಂದು ಪಟ್ಟಿ ಮಾಡಬೇಕಾಯಿತು. ಮೂರಾಣೆಯ ಪದಾರ್ಥವನ್ನು ಒಮ್ಮೆಗೆ ಕೊಂಡವನು ೧೯ ಕೊಡಬೇಕು. ಒಂದೊಂದಾಣೆಯಂತೆ ಮೂರು ಸಲ ಕೊಂಡವನು ೧೮ ಕೊಟ್ಟು ಹೋಗಬಹುದು. ಮೊದಲು ಕೂಡಿ ಆಮೇಲೆ ಮಾನ ಬದಲಾಯಿಸುವುದೋ, ಮೊದಲು ಮಾನ ಬದಲಾಯಿಸಿ ಆಮೇಲೆ ಕೂಡುವುದೋ ಎಂಬುದರ ಮೇಲೆ ಒಂದು ಪೈಸೆಯ ಅಂತರ ಬಿದ್ದಿತು. ಪೈಸೆಯ ವಿಷಯದಲ್ಲಿ ಜನರು ನಕ್ಕು ಸುಮ್ಮನಾದರು. ನೆಲದ ವಿಷಯದಲ್ಲಿ ಹಾಗೆ ಸುಮ್ಮನಾಗುವವರು ಯಾರು?

ಒಂದು ಮಾನದಿಂದ ಮತ್ತೊಂದು ಮಾನಕ್ಕೆ ಪೂರ್ಣಾಂಕವನ್ನು ಒಯ್ಯುವ ಕ್ರಮ ತೀರ ಸರಳವಾದದ್ದು. ಹೊಸ ಮಾನದಿಂದ ಸಂಖ್ಯೆಯನ್ನು ಭಾಗಿಸಬೇಕು. ಶೇಷವೇ ಕೊನೆಯ ಅಂಕೆ. ಬಂದ ಭಾಗಲಬ್ಧವನ್ನು ಮತ್ತೆ ಅದೇ ಮಾನದಿಂದ ಭಾಗಿಸಬೇಕು. ಅದರ ಶೇಷ ಕೊನೆಯಿಂದ ಎರಡನೆಯ ಅಂಕೆ. ಭಾಗಲಬ್ಧ ಸೊನ್ನೆಯಾಗುವವರೆಗೂ ಹೀಗೆಯೇ ನಡೆದು, ಶೇಷಗಳನ್ನು ಕೆಳಗಿನಿಂದ ಮೇಲಕ್ಕೆ ಓದಿಕೊಂಡರೆ ಆಯಿತು. ನಮ್ಮ ರೈತನ ಇಪ್ಪತ್ತು ಗುಂಟೆಯನ್ನೇ ತೆಗೆದುಕೊಳ್ಳೋಣ. ಎರಡರಿಂದ ಭಾಗಿಸಿದರೆ ಹತ್ತು, ಶೇಷ ಸೊನ್ನೆ; ಹತ್ತನ್ನು ಭಾಗಿಸಿದರೆ ಐದು, ಶೇಷ ಸೊನ್ನೆ; ಐದಕ್ಕೆ ಎರಡು, ಶೇಷ ಒಂದು; ಎರಡಕ್ಕೆ ಒಂದು, ಶೇಷ ಸೊನ್ನೆ; ಒಂದಕ್ಕೆ ಸೊನ್ನೆ, ಶೇಷ ಒಂದು. ಕೆಳಗಿನಿಂದ ಓದಿದರೆ ೧೦೧೦೦. ಇದೇ ಗಣಕಯಂತ್ರದ ಒಡಲೊಳಗಿನ ದ್ವಿಮಾನದ ಇಪ್ಪತ್ತು. ವಿದ್ಯುತ್ತು ಉಂಟು, ಇಲ್ಲ ಎಂಬ ಎರಡೇ ಸ್ಥಿತಿಗಳಿಂದ ಅದಕ್ಕೆ ಎಲ್ಲ ಸಂಖ್ಯೆಗಳೂ ಆಗಬೇಕು.

ಈ ಭಾಗಾಹಾರದ ಉಪಾಯವನ್ನು ಪರದೇಶದ ಯಂತ್ರಶಿಲ್ಪಿಗಳು ಕಂಡುಹಿಡಿದರೆಂದು ಯಾರಾದರೂ ತಿಳಿದಿದ್ದರೆ, ಅವರು ಶಾಲೆಯಲ್ಲಿ ಕಲಿತ ಛಂದಸ್ಸನ್ನು ಒಮ್ಮೆ ನೆನೆಯಲಿ. ಪಿಂಗಳನ ಛಂದಶ್ಶಾಸ್ತ್ರದಲ್ಲಿ ಷಟ್‌ಪ್ರತ್ಯಯಗಳೆಂಬ ಆರು ವಿಧಿಗಳುಂಟು; ಹತ್ತನೆಯ ಶತಮಾನದ ನಾಗವರ್ಮನ ಛಂದೋಂಬುಧಿಯಲ್ಲಿಯೂ ಅವುಗಳ ಪ್ರಕರಣವಿದೆ. ಅವುಗಳಲ್ಲಿ 'ನಷ್ಟ'ವೆಂಬುದೊಂದು. ಗುರುಲಘುಗಳ ಪ್ರಸ್ತಾರದ ಪಟ್ಟಿ ಅಳಿಸಿಹೋಗಿದೆಯೆಂದು ಭಾವಿಸಿ, ಇಷ್ಟನೆಯ ಸಾಲಿನಲ್ಲಿ ಯಾವ ವಿನ್ಯಾಸವಿತ್ತೆಂದು ಸಂಖ್ಯೆಯೊಂದರಿಂದಲೇ ಕಂಡುಹಿಡಿಯುವ ಕ್ರಮವಿದು. ಸಂಖ್ಯೆ ಸಮವಾಗಿದ್ದರೆ ಅರ್ಧಮಾಡಿ ಲಘುವನ್ನು ಬರೆ; ಬೆಸವಾಗಿದ್ದರೆ ಒಂದು ಕೂಡಿಸಿ ಅರ್ಧಮಾಡಿ ಗುರುವನ್ನು ಬರೆ; ಹೀಗೆಯೇ ಮುಂದುವರಿ. ಮೂರಕ್ಷರದ ಗಣಗಳ ಪ್ರಸ್ತಾರದಲ್ಲಿ ಆರನೆಯದು ಯಾವುದು? ಆರು ಸಮ: ಅರ್ಧ ಮೂರು, ಲಘು. ಮೂರು ಬೆಸ: ಒಂದು ಕೂಡಿಸಿ ಅರ್ಧಮಾಡಿದರೆ ಎರಡು, ಗುರು. ಎರಡು ಸಮ: ಅರ್ಧ ಒಂದು, ಲಘು. ಲಘು ಗುರು ಲಘು, ಅಂದರೆ ಜಗಣ. ಮ, ಯ, ರ, ಸ, ತ, ಜ ಎಂದು ಎಣಿಸಿ ನೋಡಿದರೆ ಆರನೆಯದು ಜಗಣವೇ ಸರಿ. ಎರಡರಿಂದ ಮೇಲಿಂದ ಮೇಲೆ ಭಾಗಿಸಿ ಶೇಷವನ್ನು ಬರೆದಿಡುವ ಕ್ರಮವೇ ಇದು. ಪ್ರಸ್ತಾರದ ಸಾಲುಗಳನ್ನು ಸೊನ್ನೆಯಿಂದಲ್ಲದೆ ಒಂದರಿಂದ ಎಣಿಸುವುದರಿಂದ 'ಒಂದು ಕೂಡಿಸು' ಎಂಬ ಮಾತು ಸೇರಿತು.

ಇದಕ್ಕೆ ವಿಪರ್ಯಯವಾದ ವಿಧಿಯ ಹೆಸರು 'ಉದ್ದಿಷ್ಟ'. ವಿನ್ಯಾಸವನ್ನು ಕೊಟ್ಟರೆ ಸಾಲಿನ ಸಂಖ್ಯೆಯನ್ನು ಹೇಳುವುದು. ಒಂದನ್ನು ಇಟ್ಟುಕೊಂಡು ಕೊನೆಯ ಅಕ್ಷರದಿಂದ ಹಿಂದಕ್ಕೆ ಬರುತ್ತ ಪ್ರತಿ ಅಕ್ಷರಕ್ಕೂ ಇಮ್ಮಡಿ ಮಾಡಬೇಕು. ಗುರು ಬಂದಲ್ಲಿ ಒಂದನ್ನು ಕಳೆಯಬೇಕು. ಜಗಣಕ್ಕೆ: ಲಘುವಿಗೆ ಎರಡು; ಗುರುವಿಗೆ ನಾಲ್ಕರಲ್ಲಿ ಒಂದು ಕಳೆದು ಮೂರು; ಲಘುವಿಗೆ ಆರು. ಹೋದ ದಾರಿಯಲ್ಲಿಯೇ ತಿರುಗಿ ಬಂದೆವು. ಇದು ಪಿಂಗಳನ ಕಾಲದಲ್ಲಿಯೇ ಗಣಕಯಂತ್ರವಿತ್ತೆಂದು ಡಂಗುರ ಸಾರುವುದಕ್ಕಾಗಿ ಹೇಳಿದ ಮಾತಲ್ಲ. ಅಂತಹ ಡಂಗುರಗಳಿಂದ ಪೂರ್ವಿಕರ ಗೌರವ ಹೆಚ್ಚುವುದಿಲ್ಲ. ಭಾಗಿಸುತ್ತ ಹೋಗುವುದು, ಗುಣಿಸುತ್ತ ತಿರುಗಿ ಬರುವುದು ಎಂಬ ಈ ಜೋಡಿ ವಿಧಿಗಳನ್ನು ಪ್ರೋಗ್ರಾಮು ಕಲಿಯುವ ಹುಡುಗನು ಕನ್ನಡ ಪಾಠದಲ್ಲಿಯೇ ಒಮ್ಮೆ ಕಂಡಿದ್ದಾನೆಂದು ನೆನಪಿಸುವುದಷ್ಟೇ ನಮ್ಮ ಅಭಿಪ್ರಾಯ.

ಗಣಕಯಂತ್ರದವರಿಗೆ ಪ್ರಿಯವಾದ ಇನ್ನೊಂದು ಮಾನ ಹದಿನಾರರದು, ಷೋಡಶಮಾನ. ದ್ವಿಮಾನದ ನಾಲ್ಕು ಅಂಕೆಗಳು ಸೇರಿ ಷೋಡಶಮಾನದ ಒಂದು ಅಂಕೆಯಾಗುವುದರಿಂದ ಉದ್ದವಾದ ಬರಹವನ್ನು ಮೊಟಕುಗೊಳಿಸಲು ಇದು ಅನುಕೂಲ. ಇಲ್ಲಿ ಒಂಬತ್ತರ ಮುಂದೆ ಅಂಕೆಗಳು ಸಾಲದೆ, ಹತ್ತರಿಂದ ಹದಿನೈದರವರೆಗೆ ಎ, ಬಿ, ಸಿ, ಡಿ, ಇ, ಎಫ್ ಎಂಬ ಇಂಗ್ಲಿಷ್ ಅಕ್ಷರಗಳನ್ನೇ ಅಂಕೆಗಳಾಗಿ ಬಳಸುತ್ತಾರೆ. ಅಕ್ಷರಗಳನ್ನು ಕಂಡು ಬೆದರಬೇಕಾದ್ದಿಲ್ಲ. ಇಪ್ಪತ್ತನ್ನು ಷೋಡಶಮಾನದಲ್ಲಿ ಬರೆದರೆ ೧೪. ಇಪ್ಪತ್ತಾಣೆಯೆಂದರೆ ಒಂದು ರೂಪಾಯಿ ನಾಲ್ಕಾಣೆಯಷ್ಟೆ! ಅಜ್ಜಂದಿರು ರೂ. ೧-೪-೦ ಎಂದು ಬರೆಯುತ್ತಿದ್ದುದು ಇದನ್ನೇ. 'ಎಫ್' 'ಎಫ್' ಎಂದು ಯಂತ್ರದವರು ಬರೆದರೆ ಅದು ಹದಿನೈದು ರೂಪಾಯಿ ಹದಿನೈದಾಣೆ, ೨೫೫ ಆಣೆ. ಕನ್ನಡದ ಅಕ್ಷರಗಳಿಗೆ ಯೂನಿಕೋಡ್ ಎಂಬ ವಿಶ್ವವ್ಯಾಪಿ ಪಟ್ಟಿಯಲ್ಲಿ ಕೊಟ್ಟಿರುವ ಸಂಖ್ಯೆಗಳನ್ನೂ ಹೀಗೆಯೇ ಬರೆಯುತ್ತಾರೆ. 'ಕ' ಅಕ್ಷರದ ಸಂಖ್ಯೆ ಷೋಡಶಮಾನದಲ್ಲಿ ಸೊನ್ನೆ, ಸಿ, ೯, ೫. ಹತ್ತರ ಮಾನಕ್ಕೆ ತಂದರೆ ೩೨೨೧.

ಇನ್ನು ಪ್ರೋಗ್ರಾಮಿನ ಮಾತು. ಈಗ ಕಾಲೇಜುಗಳಲ್ಲಿ ಕಲಿಸುವ ಪೈಥಾನ್ ಎಂಬ ಭಾಷೆಯಲ್ಲಿ 'ಇಂಟ್' ಎಂಬ ಸಿದ್ಧವಿಧಿಯೊಂದಿದೆ. ಅದಕ್ಕೆ ಉದ್ಧರಣ ಚಿಹ್ನೆಗಳ ನಡುವೆ ೧೦೧೦೦ ಎಂಬ ಬರಹವನ್ನು ಕೊಟ್ಟು, ಮಾನ ೨ ಎಂದು ತಿಳಿಸಿದರೆ ಉತ್ತರ ೨೦. ಮಾನ ೧೬ ಎಂದು ತಿಳಿಸಿದರೆ ಅದೇ ಬರಹಕ್ಕೆ ಉತ್ತರ ೬೫,೭೯೨. ಏನನ್ನೂ ತಿಳಿಸದಿದ್ದರೆ ಹತ್ತರ ಮಾನವೆಂದು ಭಾವಿಸಿ ಹತ್ತು ಸಾವಿರದ ನೂರು ಎನ್ನುವುದು. ಕನ್ನಡಿಗರಿಗೆ ಸಂತೋಷ ಕೊಡಬಹುದಾದ ಸಂಗತಿಯೆಂದರೆ ಈ ವಿಧಿಯು ಕನ್ನಡದ ಅಂಕೆಗಳನ್ನೂ ಓದಬಲ್ಲುದು. '೨೦' ಎಂದು ನಮ್ಮ ಲಿಪಿಯಲ್ಲಿಯೇ ಕೊಟ್ಟರೂ ಅದು ಇಪ್ಪತ್ತೆಂದೇ ತಿಳಿಯುವುದು. ನಮ್ಮ ಅಂಕೆಗಳನ್ನು ನಾವೇ ಅಂಗಡಿ ಫಲಕಗಳಿಂದಲೂ ಲೆಕ್ಕದ ಪುಸ್ತಕಗಳಿಂದಲೂ ಹೊರಗೆ ಹಾಕುತ್ತಿರುವಾಗ ಯಂತ್ರವು ಅವುಗಳಿಗೆ ಮನ್ನಣೆ ಕೊಟ್ಟಿರುವುದನ್ನು ಏನೆನ್ನೋಣ!

ಎದುರು ದಿಕ್ಕಿಗೆ, ಅಂದರೆ ಸಂಖ್ಯೆಯಿಂದ ಬರಹಕ್ಕೆ, ಎರಡು, ಎಂಟು, ಹದಿನಾರರ ಮಾನಗಳಿಗೆ ಮಾತ್ರ 'ಬಿನ್', 'ಆಕ್ಟ್', 'ಹೆಕ್ಸ್' ಎಂಬ ಸಿದ್ಧವಿಧಿಗಳುಂಟು. ಅವು ಉತ್ತರದ ಮುಂದೆ ಸೊನ್ನೆಯನ್ನೂ ಒಂದು ಅಕ್ಷರವನ್ನೂ ಬರೆದು ಇದು ಇಂತಹ ಮಾನದ ಬರಹವೆಂದು ಸಾರಿಯೇ ಮುಂದುವರಿಯುವುವು. ಇದು ಒಳ್ಳೆಯ ಪದ್ಧತಿ. ಈ ಎಚ್ಚರವಿಲ್ಲದಿದ್ದರೆ ಏನಾಗುವುದೆಂಬುದಕ್ಕೆ ಹಳೆಯ 'ಸಿ' ಭಾಷೆಯೇ ಸಾಕ್ಷಿ. ಅದರ ಪ್ರೋಗ್ರಾಮಿನಲ್ಲಿ ಸಂಖ್ಯೆಯ ಮುಂದೆ ಬರಿಯ ಸೊನ್ನೆ ಬಂದರೆ ಎಂಟರ ಮಾನವೆಂದು ಅರ್ಥ. ಅಂದವಾಗಿ ಕಾಣಲೆಂದು ೦೨೦ ಎಂದು ಬರೆದವನಿಗೆ ಅದು ಹದಿನಾರಾಗಿಬಿಡುವುದು. ಪೈಥಾನಿನ ಈಗಿನ ಮೂರನೆಯ ಆವೃತ್ತಿಯು ಪ್ರೋಗ್ರಾಮಿನೊಳಗೆ ಹಾಗೆ ಬರೆಯುವುದನ್ನೇ ನಿಷೇಧಿಸಿದೆ.

ಹಾಗಾದರೆ 'ಇಂಟ್' ವಿಧಿಗೆ ನಲವತ್ತರ ಮಾನವೆಂದು ಹೇಳಿ ಗುಂಟೆಯ ಲೆಕ್ಕ ಮುಗಿಸಬಾರದೆ ಎಂದು ಕೇಳಬಹುದು. ಮುಗಿಸಲಾಗದು. ಹತ್ತು ಅಂಕೆಗಳು, ಇಪ್ಪತ್ತಾರು ಇಂಗ್ಲಿಷ್ ಅಕ್ಷರಗಳು, ಒಟ್ಟು ಮೂವತ್ತಾರು. ಆ ವಿಧಿಯು ಮೂವತ್ತಾರರ ಮಾನಕ್ಕೆ ನಿಂತುಹೋಗುವುದು. ನಮ್ಮ ಗುಂಟೆ ಅದರ ಬೇಲಿಯ ಆಚೆಗಿದೆ. ೨.೨೦ ಎಂಬ ಬರಹವನ್ನು ಹಾಗೆಯೇ ಕೊಟ್ಟರೆ 'ಇಂಟ್' ನಿಷ್ಠುರವಾಗಿ ಒಲ್ಲೆನೆನ್ನುವುದು, ಏಕೆಂದರೆ ಚುಕ್ಕೆಯಿರುವುದು ಅದರ ಮಟ್ಟಿಗೆ ಪೂರ್ಣಾಂಕವಲ್ಲ. ಆಗ ಹೊಸಬನಾದ ತರುಣನು ಬೇಸತ್ತು, ದಶಾಂಶಗಳನ್ನು ಓದುವ 'ಫ್ಲೋಟ್' ಎಂಬ ಇನ್ನೊಂದು ವಿಧಿಯನ್ನು ಹಿಡಿಯುವನು. ಅದು ಚಕಾರವೆತ್ತದೆ ನುಂಗಿ ೨.೨ ಎನ್ನುವುದು. ನಿಷ್ಠುರನ ಬಾಯಿಂದ ತಪ್ಪಿಸಿಕೊಂಡು ಮೃದುಭಾಷಿಯ ಕೈಗೆ ಸಿಕ್ಕಿದ ರೈತನ ಗತಿ ಆಗ ನಾವು ಮೊದಲಿಗೆ ಹೇಳಿದಂತೆಯೇ ಆಗುವುದು.

ಇದರ ಫಲ ಎಷ್ಟು ದೂರ ಹೋಗಬಹುದೆಂಬುದನ್ನು ಅಧಿಕಾರಿಗಳು ಆಲೋಚಿಸಬೇಕು. ಒಂದು ಹೆಕ್ಟೇರಿನೊಳಗೆ ಹಿಡುವಳಿಯುಳ್ಳವನು ಅತಿ ಸಣ್ಣ ರೈತನೆಂದೂ, ಒಂದರಿಂದ ಎರಡು ಹೆಕ್ಟೇರಿನವರೆಗಿನವನು ಸಣ್ಣ ರೈತನೆಂದೂ ಕೃಷಿ ಗಣತಿಯ ವಿಂಗಡಣೆ. ಗುಂಟೆಗೆ ೧೦೧.೧೭ ಚದರ ಮೀಟರಿನಂತೆ ನಮ್ಮ ರೈತನ ನೂರು ಗುಂಟೆ ಒಂದು ಹೆಕ್ಟೇರಿಗಿಂತ ಕೂದಲೆಳೆಯಷ್ಟು ಹೆಚ್ಚು, ೧.೦೧೧೭; ಅವನು ಸಣ್ಣ ರೈತ. ೨.೨ ಎಕರೆಯೆಂದು ಓದಿದರೆ ೦.೮೯ ಹೆಕ್ಟೇರು; ಅತಿ ಸಣ್ಣ ರೈತ. ನಾಲ್ಕು ಎಕರೆ ಮೂವತ್ತೆಂಟು ಗುಂಟೆಯವನು ಎರಡು ಹೆಕ್ಟೇರಿನ ಗೆರೆಯನ್ನು ಸ್ವಲ್ಪ ದಾಟಿದವನು, ೪.೩೮ ಎಕರೆಯೆಂದು ಓದಿದರೆ ಗೆರೆಯ ಈಚೆಗೇ ಉಳಿಯುವನು. ಒಬ್ಬನಿಗೆ ಸಲ್ಲದ ಸವಲತ್ತು ಸಂದೀತು. ಆದರೆ ಅದೇ ಕಡಮೆ ವಿಸ್ತೀರ್ಣದ ಮೇಲೆ ಬೆಳೆ ಸಾಲವನ್ನೋ ಬೆಳೆ ನಷ್ಟದ ಪರಿಹಾರವನ್ನೋ ಲೆಕ್ಕಹಾಕಿದರೆ ಅವನೇ ಕಳೆದುಕೊಳ್ಳುವನು. ಗುಂಟೆಯನ್ನು ಎರಡಂಕೆಯಲ್ಲಿ ಬರೆದು ದಶಾಂಶವೆಂದು ಓದಿದಾಗ ವಿಸ್ತೀರ್ಣ ಯಾವಾಗಲೂ ಕಡಮೆಯ ಕಡೆಗೇ ವಾಲುವುದು. ಎರಡು ಎಕರೆಗೆ ಒಂದೇ ಗುಂಟೆ ಕಡಮೆಯಿರುವ ೧.೩೯ರ ಹಿಡುವಳಿಯಲ್ಲಿ ಈ ರೀತಿ ಇಪ್ಪತ್ತಮೂರು ಗುಂಟೆಗೂ ಮಿಕ್ಕಿ ಮಾಯವಾಗುವುದು. ಒಂಟಿ ಅಂಕೆಯ ಗುಂಟೆಗಳಲ್ಲಿ ಕಥೆ ತಿರುಗುಮುರುಗು; ಎರಡು ಎಕರೆ ಐದು ಗುಂಟೆಯನ್ನು ೨.೫ ಎಂದು ಬರೆದರೆ ಯಂತ್ರವು ಎರಡೂವರೆ ಎಕರೆಯೆಂದು ತಿಳಿದು ಹದಿನೈದು ಗುಂಟೆಯನ್ನು ಧರ್ಮಾರ್ಥವಾಗಿ ಕೊಡುವುದು.

ಕೆಲವು ತಪ್ಪುಗಳು ತಾವಾಗಿಯೇ ಕೂಗಿಕೊಳ್ಳುವುವು. ೧.೩೦ಕ್ಕೆ ೧.೩೦ನ್ನು ಯಂತ್ರವು ಕೂಡಿ ೨.೬೦ ಎಂದಾಗ, ಅರುವತ್ತು ಗುಂಟೆಯೆಂಬುದೇ ಇಲ್ಲವೆಂದು ಯಾವ ಗ್ರಾಮಾಧಿಕಾರಿಯೂ ಕಣ್ಣಿಟ್ಟ ಕೂಡಲೆ ಹೇಳುವನು. ಸರಿಯಾದ ಮೊತ್ತ ಮೂರು ಎಕರೆ ಇಪ್ಪತ್ತು ಗುಂಟೆ. ನಲವತ್ತರ ಮಾನದಲ್ಲಿ ನಲವತ್ತಾಗಲಿ ಅದಕ್ಕೆ ಮೀರಿದ್ದಾಗಲಿ ಒಂದು ಮನೆಯಲ್ಲಿ ನಿಲ್ಲಲಾರದು. ಆದರೆ ೧.೧೫ಕ್ಕೆ ೧.೧೫ ಕೂಡಿದರೆ ೨.೩೦, ಇದು ಎರಡು ಮಾನಗಳಲ್ಲಿಯೂ ಸರಿಯೆಂದೇ ಕಾಣುವುದು, ಕೊನೆಯ ಸೊನ್ನೆ ಬಿದ್ದು ೨.೩ ಆಗುವವರೆಗೂ. ಕಣ್ಣಿಗೆ ಬೀಳುವ ತಪ್ಪಿಗಿಂತ ಸರಿಯ ವೇಷದಲ್ಲಿ ಕುಳಿತ ಈ ತಪ್ಪೇ ಹೆಚ್ಚು ಅಪಾಯಕರ.

೨೦೦೦ದ ಸುಮಾರಿನಿಂದ ನಡೆದ 'ಭೂಮಿ' ಯೋಜನೆಯಲ್ಲಿ ರಾಜ್ಯದ ಸುಮಾರು ಎರಡು ಕೋಟಿ ಪಹಣಿಗಳು ಗಣಕಯಂತ್ರಕ್ಕೆ ಏರಿದುವು. ಶ್ಯಾನುಭೋಗರ ಕೈಬರಹದ ಪುಸ್ತಕಗಳನ್ನು ಕಾಡಿ ಬೇಡಿ ನೋಡಬೇಕಾಗಿದ್ದ ಕಾಲವನ್ನು ಬಲ್ಲವರಿಗೆ ಇದು ಎಷ್ಟು ದೊಡ್ಡ ಉಪಕಾರವೆಂದು ಗೊತ್ತು. ಪಹಣಿಯಲ್ಲಿ ಎಕರೆ, ಗುಂಟೆ, ಆಣೆಗಳು ಬೇರೆಬೇರೆಯಾಗಿಯೇ ತೋರುವುವು. ಕೆಡುವ ಸಂಭವವಿರುವುದು ಅಲ್ಲಿಂದ ಮುಂದೆ: ಪಹಣಿಯನ್ನು ನೋಡಿ ಸಂಘದಲ್ಲೋ, ಬ್ಯಾಂಕಿನಲ್ಲೋ, ವಕೀಲರ ಗುಮಾಸ್ತೆಯ ಮೇಜಿನ ಮೇಲೋ ಮತ್ತೊಂದು ಪಟ್ಟಿ ತಯಾರಾಗುವ ಪ್ರತಿಯೊಂದು ಕಡೆಯಲ್ಲಿಯೂ. ಅಲ್ಲಿ ಮಾಡಬೇಕಾದ ಕೆಲಸ ದೊಡ್ಡದೇನೂ ಅಲ್ಲ. ಎಕರೆಗೊಂದು, ಗುಂಟೆಗೊಂದು, ಆಣೆಗೊಂದು ಕಾಲಮು ಇರಲಿ. ಒಂದೇ ಕಾಲಮಿನಲ್ಲಿ ಬರೆಯಲೇಬೇಕಾದರೆ ಚುಕ್ಕೆಯ ಬದಲು ಅಡ್ಡಗೆರೆಯೆಳೆದು ೨-೨೦ ಎನ್ನಲಿ. ಐದು ಗುಂಟೆಯನ್ನು ೦೫ ಎಂದು ಎರಡಂಕೆಯಲ್ಲಿ ಬರೆಯಲಿ. ಆ ಕಾಲಮು ಸಂಖ್ಯೆಯಲ್ಲ, ಬರಹವೆಂದು ಯಂತ್ರಕ್ಕೆ ಮೊದಲೇ ತಿಳಿಸಲಿ. ಇಲ್ಲವಾದರೆ ಅಡ್ಡಗೆರೆಯ ೨-೦೫ನ್ನು ಅದು ತಾರೀಖೆಂದು ತಿಳಿದುಕೊಳ್ಳಲೂ ಹೇಸುವುದಿಲ್ಲ.

ಪ್ರೋಗ್ರಾಮು ಬರೆಯುವವನಿಗೆ ನಮ್ಮ ಸೂಚನೆ ಇನ್ನೂ ಸರಳ. ವಿಸ್ತೀರ್ಣ ಒಳಗೆ ಬಂದ ಕೂಡಲೆ ಎಲ್ಲವನ್ನೂ ಆಣೆಗೆ ಇಳಿಸಬೇಕು. ಎರಡು ಎಕರೆ ಇಪ್ಪತ್ತು ಗುಂಟೆ ಎಂಟಾಣೆಯಾದರೆ, ಎರಡನ್ನು ನಲವತ್ತರಿಂದ ಗುಣಿಸಿ ಇಪ್ಪತ್ತು ಕೂಡಿಸಿದರೆ ನೂರು. ನೂರನ್ನು ಹದಿನಾರರಿಂದ ಗುಣಿಸಿ ಎಂಟು ಕೂಡಿಸಿದರೆ ೧೬೦೮ ಆಣೆ. ಇದು ಶುದ್ಧ ಪೂರ್ಣಾಂಕ. ಕೂಡುವುದು, ಕಳೆಯುವುದು, ಹಂಚುವುದು ಎಲ್ಲವೂ ಇದರಲ್ಲಿಯೇ ನಡೆಯಲಿ. ಹೊರಗೆ ತೋರಿಸುವಾಗ ಹದಿನಾರರಿಂದ ಭಾಗಿಸಿದರೆ ಶೇಷ ಎಂಟಾಣೆ, ಭಾಗಲಬ್ಧ ನೂರು. ನೂರನ್ನು ನಲವತ್ತರಿಂದ ಭಾಗಿಸಿದರೆ ಶೇಷ ಇಪ್ಪತ್ತು ಗುಂಟೆ, ಭಾಗಲಬ್ಧ ಎರಡು ಎಕರೆ. ಭಾಗಲಬ್ಧವನ್ನೂ ಶೇಷವನ್ನೂ ಒಟ್ಟಿಗೆ ಕೊಡುವ 'ಡಿವ್‌ಮಾಡ್' ಎಂಬ ವಿಧಿ ಪೈಥಾನಿನಲ್ಲಿ ಸಿದ್ಧವಾಗಿಯೇ ಇದೆ. ಅದನ್ನು ಎರಡು ಸಲ ಕರೆದರೆ ಕೆಲಸ ತೀರಿತು. ದಶಾಂಶಗಳ ಗೊಡವೆಗೆ ಹೋದರೆ ಮತ್ತೊಂದು ತೊಡಕೂ ಉಂಟು. ಎಕರೆಯ ನಲವತ್ತನೆಯ ಒಂದು ಪಾಲು ನಮ್ಮ ಬರಹದಲ್ಲಿ ೦.೦೨೫ ಎಂದು ಮುಗಿಯುವುದಾದರೂ, ಯಂತ್ರದ ದ್ವಿಮಾನದಲ್ಲಿ ಅದು ಕೊನೆಯಿಲ್ಲದೆ ಹರಿಯುವ ಭಿನ್ನರಾಶಿ. ಯಂತ್ರವು ಅದನ್ನು ಎಲ್ಲಿಯೋ ಕತ್ತರಿಸಿ ಇಟ್ಟುಕೊಳ್ಳುವುದು. ಹತ್ತನೆಯ ಒಂದು ಪಾಲಿಗೆ ಹತ್ತನೆಯ ಎರಡು ಪಾಲು ಕೂಡಿದರೆ ಹತ್ತನೆಯ ಮೂರು ಪಾಲಿಗೆ ಸಮವಾಗುವುದೇ ಎಂದು ಪೈಥಾನನ್ನು ಕೇಳಿದರೆ ಇಲ್ಲವೆಂದು ಉತ್ತರ ಕೊಡುವುದು ಇದೇ ಕಾರಣದಿಂದ.

ಕೆರಗೋಡಿನ ನಮ್ಮ ರೈತನ ನೂರು ಗುಂಟೆಯನ್ನು ಅವನ ಮೂವರು ಮಕ್ಕಳಿಗೆ ಹಿಸ್ಸೆ ಮಾಡಬೇಕಾಗಿದೆಯೆನ್ನೋಣ. ೨.೨೦ನ್ನು ಮೂರರಿಂದ ಭಾಗಿಸಿದ ಲೆಕ್ಕದ ಹಾಳೆಯು ಒಬ್ಬೊಬ್ಬನಿಗೂ ೦.೭೩ ಎನ್ನುವುದು, ಎಪ್ಪತ್ತಮೂರು ಗುಂಟೆ ಬರುವುದಾದರೆ ಮೂವರೂ ಕುಣಿದಾಡಬೇಕು. ಆಣೆಗೆ ಇಳಿಸಿ ಭಾಗಿಸಿದರೆ ೧೬೦೦ಕ್ಕೆ ಒಬ್ಬೊಬ್ಬನಿಗೂ ೫೩೩, ಅಂದರೆ ಮೂವತ್ತಮೂರು ಗುಂಟೆ ಐದಾಣೆ. ಶೇಷ ಒಂದು ಆಣೆ. ಪ್ರೋಗ್ರಾಮು ಬರೆದವನು ಆ ಶೇಷವನ್ನು ಮುಚ್ಚಿಡದೆ ಕಾಗದದ ಮೇಲೆ ತೋರಿಸಬೇಕು. ಒಂದು ಆಣೆಯೆಂದರೆ ಅರುವತ್ತೆಂಟು ಚದರಡಿ, ಒಂದು ಸಣ್ಣ ಕೊಠಡಿಯಷ್ಟು ನೆಲ. ಅದು ಯಾರ ಪಾಲಿಗೆಂದು ಯಂತ್ರವು ಹೇಳಲಾರದು, ಮೋಜಣಿದಾರನೂ ಹೇಳಲಾರನು. ಅಣ್ಣತಮ್ಮಂದಿರು ಮೂವರೂ ಬದುವಿನ ಮೇಲೆ ನಿಂತು ಒಪ್ಪಿಕೊಳ್ಳಬೇಕು.